ನಡುವಿನ ತೂತು ಇಲ್ಲದ ಡಿಸ್ಕ್

ಉಡುಪಿಯ ಕುಂಜಿಬೆಟ್ಟಿನಲ್ಲಿರುವ ನನ್ನ ಚಿಕ್ಕಪ್ಪನ ಬಳಿ ತಾಳಮದ್ದಳೆ ಕ್ಯಾಸೆಟ್‌ಗಳ ರಾಶಿಯಿದೆ. ಒಂದೊಂದನ್ನೇ ಕಂಪ್ಯೂಟರಿಗೆ ಇಳಿಸುತ್ತಾರೆ. ಸಿ.ಡಿ. ಗುಣಮಟ್ಟದಲ್ಲಿ ನಿಮಿಷಕ್ಕೆ ಸುಮಾರು 10 ಎಂಬಿ ಬೇಕು. ಅರ್ಥಧಾರಿಗಳೋ ಬೇಗ ನಿಲ್ಲಿಸುವವರಲ್ಲ. 1 ಟೆರಾಬೈಟಿನ ಹಾರ್ಡ್ ಡಿಸ್ಕ್ ತುಂಬಿತು. ಆಟಿಯ ಮಳೆಯಲ್ಲಿ 8 ಟೆರಾಬೈಟಿನದೊಂದನ್ನು ತರಿಸಿ, "ನೀನೇ ಕೂರಿಸಿಕೊಡು ಮಾರಾಯ" ಎಂದರು. ಅರ್ಧ ಗಂಟೆಯ ಕೆಲಸವೆಂದು ಹೋದವನು ರಾತ್ರಿ ಅಲ್ಲಿಯೇ ಉಳಿಯಬೇಕಾಯಿತು.

ಕ್ಯಾಬಿನೆಟ್ ಹಳೆಯದು. ಡಿಸ್ಕ್ ಕೂರುವ ಗೂಡಿನ ಎರಡೂ ಪಕ್ಕಗಳಲ್ಲಿ ಎರಡೆರಡು ತೂತುಗಳು, ಡಿಸ್ಕಿನ ಮುಂದಿನ ಮತ್ತು ನಡುವಿನ ತೂತುಗಳಿಗೆ ಹೊಂದುವಂತೆ. ಹೊಸ ಡಿಸ್ಕನ್ನು ತಳ್ಳಿ ನೋಡಿದರೆ ಅದಕ್ಕೆ ನಡುವಿನ ತೂತೇ ಇಲ್ಲ! ಹೆಚ್ಚು ಸಾಮರ್ಥ್ಯದ ಹಲವು ಡಿಸ್ಕ್‌ಗಳಲ್ಲಿ ಒಳಗೆ ತಟ್ಟೆಗಳು ಹೆಚ್ಚಾದಂತೆ ಆ ತೂತಿಗೆ ಜಾಗ ಉಳಿದಿಲ್ಲ. ಪಕ್ಕದಲ್ಲಿ ಇರುವುದು ಎರಡೇ, ಒಂದರಿಂದೊಂದಕ್ಕೆ 101.6 ಮಿ.ಮೀ., ಅಂದರೆ ಸರಿಯಾಗಿ 4 ಇಂಚು.

ಮೊದಲು ಸೋಮಾರಿತನ ಮಾಡಿದೆ. ಮುಂದಿನ ತೂತುಗಳಿಗೆ ಮಾತ್ರ ಪಕ್ಕಕ್ಕೊಂದರಂತೆ ಸ್ಕ್ರೂ ಹಾಕಿ ಚಾಲೂ ಮಾಡಿದೆ. ಡಿಸ್ಕ್ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120. ಹಿಂಭಾಗಕ್ಕೆ ಹಿಡಿತವಿಲ್ಲದ ಡಿಸ್ಕ್ ತೆಳು ತಗಡನ್ನೂ ನಡುಗಿಸಿತು. ಯಾರೋ ಶ್ರುತಿಪೆಟ್ಟಿಗೆಯನ್ನು ಒತ್ತಿಟ್ಟು ಮರೆತಂತಹ ಗುಂಯ್ ಸದ್ದು. ಪಕ್ಕದ ತಗಡಿಗೆ ಅಂಗೈ ಒತ್ತಿದರೆ ನಿಲ್ಲುತ್ತದೆ, ತೆಗೆದರೆ ಮತ್ತೆ ಶುರು. ಧ್ವನಿ ಕೇಳಿ ಕತ್ತರಿಸುವ ಕೆಲಸದ ಚಿಕ್ಕಪ್ಪನಿಗೆ ಇದನ್ನು ಒಪ್ಪಿಸುವುದು ಹೇಗೆ?

ಹೊಸ ತೂತು ಕೊರೆಯದೆ ದಾರಿಯಿರಲಿಲ್ಲ. ಕ್ಯಾಬಿನೆಟ್ಟಿನೊಳಗೆ ಡ್ರಿಲ್ ಹಾಕಿದರೆ ಕಬ್ಬಿಣದ ಪುಡಿ ಮದರ್‌ಬೋರ್ಡಿನ ಮೇಲೆ ಬೀಳುತ್ತದೆ. ಅದೃಷ್ಟಕ್ಕೆ ಗೂಡು ನಾಲ್ಕು ಸ್ಕ್ರೂ ಬಿಚ್ಚಿದರೆ ಕಳಚಿ ಬರುವಂಥದ್ದು. ಕ್ಯಾಲೆಂಡರಿನ ಹಾಳೆಯೊಂದನ್ನು ಡಿಸ್ಕಿನ ಪಕ್ಕಕ್ಕೆ ಒತ್ತಿ ಹಿಡಿದು ಪೆನ್ಸಿಲ್ ಉಜ್ಜಿದೆ. ತೂತುಗಳೂ ಅಂಚುಗಳೂ ಅಚ್ಚಾಗಿ ಮೂಡಿದವು. ಆ ಹಾಳೆಯನ್ನು ಗೂಡಿಗೆ ಅಂಟಿಸಿ, ಗುರುತಿನ ಮೇಲೆ ಮೊಳೆಯಿಂದ ಸಣ್ಣ ಗುಳಿ ಮಾಡಿ, ಜಗಲಿಯಲ್ಲಿ ಕುಳಿತು 4 ಮಿ.ಮೀ. ಬಿಟ್‌ನಿಂದ ಕೊರೆದೆ. ಒಂದು ತೂತು ಕೂದಲೆಳೆಯಷ್ಟು ಸರಿಯಿತು, ಅರದಿಂದ ಅಗಲಿಸಿದೆ. ಪುಡಿಯನ್ನು ಬ್ರಷ್‌ನಿಂದ ಒರೆಸಿ, ಆಯಸ್ಕಾಂತ ಆಡಿಸಿದೆ (ಡಿಸ್ಕ್ ಒಳಕೋಣೆಯಲ್ಲಿತ್ತು). ಕೊರೆದ ಅಂಚಿಗೆ ಚಿಕ್ಕಮ್ಮನ ಉಗುರುಬಣ್ಣ ಬಳಿದೆ. ನಮ್ಮ ಕಡಲ ಗಾಳಿಗೆ ಬೋಳು ಕಬ್ಬಿಣ ಸಿಕ್ಕಿದರೆ ಒಂದೇ ಮಳೆಗಾಲದಲ್ಲಿ ತುಕ್ಕು.

ಸ್ಕ್ರೂ ವಿಷಯದಲ್ಲಿ ಇನ್ನೊಂದು ಪಾಠವಾಯಿತು. ಚಿಕ್ಕಪ್ಪನ ಡಬ್ಬಿಯಲ್ಲಿದ್ದವು ಬಹುಪಾಲು ಡಿವಿಡಿ ಡ್ರೈವಿನವು, ಸಣ್ಣ ಥ್ರೆಡ್‌ನ ಎಂ3. 3.5 ಇಂಚಿನ ಡಿಸ್ಕಿಗೆ ಬೇಕಾದದ್ದು ದಪ್ಪ ಥ್ರೆಡ್‌ನ 6-32. ಎಂ3 ಸುಲಭವಾಗಿ ಒಳಗೆ ಹೋಗುತ್ತದೆ, ಆದರೆ ಹಿಡಿಯುವುದಿಲ್ಲ. ಅದನ್ನು ಬಿಗಿದಷ್ಟೂ ತಿರುಗುತ್ತಲೇ ಇತ್ತು. ಕೊನೆಗೆ ಹಳೆಯ ಡಿಸ್ಕಿನದೇ ನಾಲ್ಕು ಸ್ಕ್ರೂಗಳನ್ನು ತೆಗೆದುಕೊಂಡೆ. ತಗಡಿಗೂ ಡಿಸ್ಕಿಗೂ ನಡುವೆ ಸೈಕಲ್ ಟ್ಯೂಬಿನ ತೆಳು ತುಂಡುಗಳನ್ನಿಟ್ಟು, ನಾಲ್ಕನ್ನೂ ಅರ್ಧ ತಿರುಗಿಸಿ, ಆಮೇಲೆ ಕರ್ಣರೇಖೆಯಂತೆ ಎದುರುಬದುರಾಗಿ ಬಿಗಿದೆ. ರಬ್ಬರ್ ಹಿಸುಕಿಹೋಗುವಷ್ಟು ಬಿಗಿದರೆ ಅದು ಇದ್ದೂ ಇಲ್ಲದಂತೆ. ಬೆವರು ಮಾತ್ರ ಡಿಸ್ಕಿನ ಮೇಲೆ ತೊಟ್ಟಿಕ್ಕದಂತೆ ಹೆಗಲಿಗೆ ಬೈರಾಸು ಬೇಕೇ ಬೇಕು.

ಗುಂಯ್ ನಿಂತಿತು. ಆದರೆ ಕಡತ ನಕಲಿಸುವಾಗ ತಡೆತಡೆದು ಸಾಗಿತು. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ಬರೆದಿಡುವ ಸ್ಮಾರ್ಟ್ ಪಟ್ಟಿಯಲ್ಲಿ 199ನೇ ಸಾಲು, ಸಿಆರ್‌ಸಿ ದೋಷಗಳದ್ದು (ಮಾಹಿತಿ ದಾರಿಯಲ್ಲಿ ಕೆಟ್ಟ ಲೆಕ್ಕ), 14 ತೋರಿಸುತ್ತಿತ್ತು. ಅದು ಏರಿದರೆ ಮೊದಲು ಅನುಮಾನಿಸಬೇಕಾದ್ದು ಕೇಬಲನ್ನು. ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ, ನೆಟ್ಟಗೆ ಚಾಚಿದ ಸಾಟಾ ಕೇಬಲಿನ ತಲೆಯನ್ನು ಪಕ್ಕದ ತಗಡು ಒತ್ತುತ್ತಿತ್ತು. ಬಾಗಿದ ತಲೆಯ ಕೇಬಲ್ ಹಾಕಿದ ಮೇಲೆ 14 ಅಲ್ಲಿಗೇ ನಿಂತಿತು. ಈ ಎಣಿಕೆ ಕೆಳಗಿಳಿಯುವುದಿಲ್ಲ, ಏರದಿದ್ದರೆ ಸಾಕು. ಡಿಸ್ಕನ್ನು ಜಿಪಿಟಿ ಎಂಬ ಪದ್ಧತಿಯಲ್ಲಿ ಭಾಗ ಮಾಡಿದ್ದು ಎರಡು ನಿಮಿಷದ ಕೆಲಸ. 2 ಟೆರಾಬೈಟ್ ಮೀರಿದರೆ ಎಂಬಿಆರ್ ಎಂಬ ಹಳೆಯ ಪದ್ಧತಿ ಸಾಲದು.

ರಾತ್ರಿ ಚಿಕ್ಕಪ್ಪ ಪರದೆಗೆ ಕನ್ನಡಕ ಒತ್ತಿ, "ಎಂಟು ಎಂದು ಕೊಂಡದ್ದು, 7.27 ಎನ್ನುತ್ತದಲ್ಲ?" ಎಂದರು. ತಯಾರಕರು ಸಾವಿರದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರಲ್ಲಿ ಎಣಿಸುತ್ತದೆ ಎಂದೆ. "ಅಂಗಡಿಯ ಸೇರೇ ಬೇರೆ ಅನ್ನು" ಎನ್ನುತ್ತಾ ಮುಂದಿನ ಕ್ಯಾಸೆಟ್ ತೆಗೆದರು.