ಇರುವೆಯನ್ನು ತಡೆದು ನೋಡಿದೆ

ಅಲಸಂದೆ ಬಳ್ಳಿಯ ಎಳೆ ಕುಡಿಗಳಲ್ಲಿ ಕಪ್ಪು ಗಿಡಹೇನು ಮುತ್ತಿತ್ತು. ಇರುವೆಗಳು ಸಾಲಾಗಿ ಹತ್ತಿ ಇಳಿಯುತ್ತಿದ್ದವು. ಹೇನು ರಸ ಹೀರಿ ಸಿಹಿ ಅಂಟು ಬಿಡುತ್ತದೆ, ಇರುವೆ ಅದನ್ನು ನೆಕ್ಕುತ್ತದೆ, ಅದು ಗೊತ್ತಿತ್ತು. ಆದರೆ ಇರುವೆ ಸುಮ್ನೆ ತಿಂದು ಹೋಗುತ್ತದಾ, ಇಲ್ಲಾ ಅದರಿಂದ ಬೇರೇನಾದರೂ ಆಗುತ್ತದಾ?

ಒಂದು ಜೀವಿಯನ್ನು ತೆಗೆದು ಏನಾಗುತ್ತದೆ ನೋಡುವ ದಾರಿ ಸಿಕ್ಕಿದ್ದು ಪರಿಸರ ವಿಜ್ಞಾನಿ ರಾಬರ್ಟ್ ಪೇಯ್ನ್ ಅವರಿಂದ. 1963ರಲ್ಲಿ ಅಮೆರಿಕದ ವಾಷಿಂಗ್ಟನ್ ಕರಾವಳಿಯ ಬಂಡೆಗಳಿಂದ ಅವರು ನಕ್ಷತ್ರಮೀನುಗಳನ್ನಷ್ಟೇ ಕಿತ್ತು ಕಡಲಿಗೆ ಎಸೆಯತೊಡಗಿದರು. ಅವಕ್ಕೆ ಆಹಾರವಾಗಿದ್ದ ಮಸ್ಸೆಲ್ ಚಿಪ್ಪುಗಳು ಬಂಡೆಯನ್ನು ಆವರಿಸುತ್ತಾ ಹೋದವು. ಅಲ್ಲಿದ್ದ 15 ಬಗೆಯ ಜೀವಿಗಳು 8ಕ್ಕೆ ಇಳಿದವು.

ನಾನು ನಾಲ್ಕು ಬಳ್ಳಿ ಆರಿಸಿದೆ. ಇರುವೆ ಹತ್ತದಂತೆ ಎರಡರ ಬುಡಕ್ಕೆ ಗ್ರೀಸ್ ಬಳಿದೆ. ನೇರವಾಗಿ ಬಳಿದದ್ದು ತಪ್ಪಾಯಿತು, ಕಾಂಡ ಕಂದಿತು. ಆಮೇಲೆ ಪೇಪರ್ ಟೇಪ್ ಸುತ್ತಿ, ಅದರ ಮೇಲೆ ಬಳಿದೆ. ಆದರೂ ಮೂರನೇ ದಿನ ಮೇಲೆಲ್ಲ ಇರುವೆ! ಪಕ್ಕದ ಬಳ್ಳಿಯ ಒಂದು ಎಲೆ ತಾಗಿತ್ತು, ಅಷ್ಟೇ ಸಾಕಾಗಿತ್ತು ಅವಕ್ಕೆ. ಆ ಎಲೆ ಕತ್ತರಿಸಿದೆ. ದಿನಾ ಬೆಳಿಗ್ಗೆ ಅದೇ ಮೂರು ಕುಡಿಗಳನ್ನು ಭೂತಗನ್ನಡಿ ಹಿಡಿದು ನೋಡುತ್ತಿದ್ದೆ.

ಇರುವೆ ಇಲ್ಲದ ಬಳ್ಳಿಗೆ ಗುಲಗಂಜಿ ಹುಳುಗಳು ಬಂದವು. ಅವುಗಳ ಮರಿಗಳೂ ಕಾಣಿಸಿದವು. ಮರಿ ನೋಡಲು ತಾಯಿಯ ಹಾಗಿರುವುದಿಲ್ಲ, ಉದ್ದಕ್ಕೆ, ಕಪ್ಪಗೆ, ಮುಳ್ಳುಮುಳ್ಳಾಗಿರುತ್ತದೆ. ಕೀಟ ಅಂತ ಹೊಸಕಿ ಹಾಕುವವರೇ ಜಾಸ್ತಿ. ದಯವಿಟ್ಟು ಬಿಡಿ, ಹೇನು ತಿನ್ನುವುದರಲ್ಲಿ ಅದು ತುಂಬಾ ಚುರುಕು. ಕೆಲವು ಹೇನು ಊದಿಕೊಂಡು, ಒಣಹುಲ್ಲಿನ ಬಣ್ಣಕ್ಕೆ ತಿರುಗಿ ಅಲುಗದೆ ಕೂತಿದ್ದವು. ಪುಟ್ಟ ಕಣಜವೊಂದು ಅವುಗಳೊಳಗೆ ಮೊಟ್ಟೆ ಇಟ್ಟಿತ್ತು. ಮರಿಕಣಜ ಹೊರಬಂದ ದುಂಡು ತೂತು ಕೆಲವದರಲ್ಲಿ ಸ್ಪಷ್ಟವಾಗಿತ್ತು. ಎರಡು ವಾರದಲ್ಲಿ ಕುಡಿಗಳು ಬಹುಪಾಲು ಹಸನಾದವು.

ಇರುವೆ ಇದ್ದ ಬಳ್ಳಿಗೂ ಗುಲಗಂಜಿ ಹುಳು ಬರುತ್ತಿತ್ತು, ಆದರೆ ಇರುವೆಗಳು ಕಾಲು ಕಚ್ಚಿ ಓಡಿಸುತ್ತಿದ್ದವು. ಹೇನು ಹಾಗೇ ಉಳಿಯಿತು.

ಇರುವೆಯೇ ಕೆಟ್ಟದ್ದು ಅಂತ ಬರೆದುಕೊಂಡಿದ್ದೆ. ಮತ್ತೆ ನೋಡಿದಾಗ ಆ ಸಾಲು ಹೊಡೆದುಹಾಕಿದೆ. ಗ್ರೀಸ್ ಬಳಿದ ಬಳ್ಳಿಯಲ್ಲಿ, ಹೇನು ಕಡಿಮೆಯಾಗುವ ಮೊದಲು, ನೆಕ್ಕುವವರಿಲ್ಲದೆ ಅಂಟು ಎಲೆ ಮೇಲೆ ನಿಂತು ಕಪ್ಪು ಬೂಷ್ಟು ಹಿಡಿದಿತ್ತು. ಎಲೆ ತಿನ್ನುವ ಹಸಿರು ಹುಳುಗಳೂ ಅಲ್ಲೇ ಜಾಸ್ತಿ. ಇನ್ನೊಂದು ಬಳ್ಳಿಯಲ್ಲಿ ಅಂಥ ಒಂದು ಹುಳುವನ್ನು ಐದಾರು ಇರುವೆ ಸೇರಿ ಕಾಂಡದುದ್ದಕ್ಕೂ ಎಳೆದುಕೊಂಡು ಇಳಿಯುತ್ತಿದ್ದುದನ್ನು ಕಣ್ಣಾರೆ ಕಂಡೆ.

ಮುಂದಿನ ಸಲ ಹೇನೇ ಇಲ್ಲದ ಬಳ್ಳಿಗೂ ಗ್ರೀಸ್ ಬಳಿಯುತ್ತೇನೆ. ಸಿಹಿ ಅಂಟು ಸಿಗದಿದ್ದರೂ ಇರುವೆ ಹುಳು ಹಿಡಿಯಲು ಹತ್ತುತ್ತದಾ ನೋಡಬೇಕು.