ಪೆನ್ಸಿಲ್ ಕಡ್ಡಿಯಲ್ಲೇ ನೀರಿನ ಸೀಸ ಪತ್ತೆ: ಎಲೆಕ್ಟ್ರೋಡ್ ಮಾಡುವುದು ಹೀಗೆ

ನೀರಿನಲ್ಲಿ ಕರಗಿದ ಸೀಸ ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ಗೊತ್ತಾಗುವುದಿಲ್ಲ. ನಮ್ಮ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು. ಇಷ್ಟು ಸಣ್ಣ ಪ್ರಮಾಣ ಹಿಡಿಯಲು ಅಂಗಡಿಯ 0.5 ಮಿ.ಮೀ. ಎಚ್‌ಬಿ ಪೆನ್ಸಿಲ್ ಕಡ್ಡಿ ಸಾಕು. ಹಿಂದೆ 'ಸೀಸದ ಕಡ್ಡಿ' ಅಂತಿದ್ದರು, ಆದರೆ ಅದರಲ್ಲಿರುವುದು ಗ್ರಾಫೈಟ್. ಇದರ ಜೊತೆ ಚಿಕ್ಕ ಪೊಟೆನ್ಶಿಯೋಸ್ಟಾಟ್ (ಬೇಕಾದ ವೋಲ್ಟೇಜ್ ಕೊಟ್ಟು ಹರಿಯುವ ಕರೆಂಟ್ ಅಳೆಯುವ ಉಪಕರಣ) ಬೇಕು, ರಾಸಾಯನಿಕಗಳಿಗೆ ಕಾಲೇಜು ಲ್ಯಾಬಿನ ನೆರವು ಪಡೆಯಿರಿ.

ದ್ರಾವಣಕ್ಕೆ ವಿದ್ಯುತ್ ಮುಟ್ಟಿಸುವ ಮೂರು ಎಲೆಕ್ಟ್ರೋಡ್ ಬೇಕು. ಮೊದಲು ಕಡ್ಡಿ, ಸೀಸ ಕೂರುವುದು ಇದರ ಮೇಲೆ. ತುದಿಯ 1 ಸೆಂ.ಮೀ. ಬಿಟ್ಟು ಅದರ ಮೇಲ್ಭಾಗಕ್ಕೆ ನೇಲ್ ಪಾಲಿಶ್ ಬಳಿದು ಪೂರ್ತಿ ಒಣಗಲು ಬಿಡಿ, ಯಾಕೆಂದರೆ ನೀರಿಗೆ ತಾಗುವ ಜಾಗ ಪ್ರತಿ ಸಲ ಅಷ್ಟೇ ಇರಬೇಕು, ಇಲ್ಲದಿದ್ದರೆ ಎರಡು ಅಳತೆ ಹೋಲಿಸಲು ಆಗುವುದಿಲ್ಲ. ಇನ್ನೊಂದು ಕಡ್ಡಿ ಕೌಂಟರ್ ಎಲೆಕ್ಟ್ರೋಡ್, ಅಂದರೆ ಕರೆಂಟ್ ಸುತ್ತು ಪೂರ್ತಿ ಮಾಡುವುದು. ಮೂರನೆಯದು ವೋಲ್ಟೇಜ್ ಅಳೆಯಲು ಆಧಾರವಾಗುವ ರೆಫರೆನ್ಸ್, ಅದಕ್ಕೆ ಬೆಳ್ಳಿ ತಂತಿ: ಉಜ್ಜಿ ತೊಳೆದು ಬ್ಲೀಚ್ ದ್ರಾವಣದಲ್ಲಿ ಅದ್ದಿಡಿ. ಹೊಳಪು ಹೋಗಿ, ಕಂದು-ನೇರಳೆ ಬಣ್ಣದ ಪದರ ಒಂದೇ ಸಮ ಕೂತರೆ ಸಿದ್ಧ.

5 ಮಿ.ಲೀ. ನೀರಿಗೆ 5 ಮಿ.ಲೀ. ಅಸಿಟೇಟ್ ಬಫರ್ (ಆಮ್ಲೀಯತೆಯನ್ನು ಒಂದೇ ಮಟ್ಟದಲ್ಲಿ ಇಡುವ ದ್ರಾವಣ, ಪಿಎಚ್ 4.5) ಹಾಕಿ. ಬಫರ್‌ನಲ್ಲಿ ಪೊಟ್ಯಾಶಿಯಂ ಕ್ಲೋರೈಡ್ ಮತ್ತು ಸ್ವಲ್ಪ ಬಿಸ್ಮತ್ ಇರಲಿ, ಈ ಲೋಹ ಕಡ್ಡಿಯ ಮೇಲೆ ಸೀಸ ಹಿಡಿಯಲು ನೆರವಾಗುತ್ತದೆ. ಮೊದಲು ಇದಕ್ಕೆ ಪಾದರಸ ಬಳಸುತ್ತಿದ್ದರು, 2000ರ ಸುಮಾರಿಗೆ ಬಿಸ್ಮತ್ ಬಂತು, ವಿಷದ ಭಯ ಎಷ್ಟೋ ಕಡಿಮೆಯಾಯಿತು.

ಈಗ ಮೂರೂ ಎಲೆಕ್ಟ್ರೋಡ್ ಇದರಲ್ಲಿ ಅದ್ದಿ ಪೊಟೆನ್ಶಿಯೋಸ್ಟಾಟ್‌ಗೆ ಜೋಡಿಸಿ, ಕಲಕುತ್ತಲೇ ಮೊದಲ ಕಡ್ಡಿಯನ್ನು -1.2 ವೋಲ್ಟ್‌ನಲ್ಲಿ 3 ನಿಮಿಷ ಇಡಿ. ಸೀಸವೂ ಬಿಸ್ಮತ್ತೂ ಸೇರಿ ಕಡ್ಡಿಗೆ ಅಂಟುತ್ತವೆ. ಕಲಕುವುದು ನಿಲ್ಲಿಸಿ, 15 ಸೆಕೆಂಡ್ ಸುಮ್ನೆ ಬಿಟ್ಟು, ವೋಲ್ಟೇಜ್ ಸೊನ್ನೆಯ ಕಡೆಗೆ ಏರಿಸಿ. ಸುಮಾರು -0.5 ವೋಲ್ಟ್‌ನ ಬಳಿ ಸೀಸ ಕರಗಿ ಹೊರಬರುವಾಗ ಕರೆಂಟ್‌ನ ಗ್ರಾಫ್‌ನಲ್ಲಿ ಒಂದು ಗುಡ್ಡ ಏಳುತ್ತದೆ. ಕ್ಯಾಡ್ಮಿಯಂ ಇದ್ದರೆ ಅದರ ಗುಡ್ಡ ಇದಕ್ಕಿಂತ ಮೊದಲೇ, -0.8ರ ಆಸುಪಾಸಿನಲ್ಲಿ.

ಗುಡ್ಡ ಕಂಡ ಕೂಡಲೇ ತೀರ್ಪು ಕೊಡಬೇಡಿ. ಬರೀ ಶುದ್ಧ ನೀರು, ಬಫರ್ ಹಾಕಿ ಒಮ್ಮೆ ನೋಡಿ, ಅದರಲ್ಲೂ ಗುಡ್ಡ ಬಂದರೆ ರಾಸಾಯನಿಕದಲ್ಲೇ ಸೀಸವಿದೆ. ಆಮೇಲೆ ಪರೀಕ್ಷೆಯ ನೀರಿಗೆ ಲೀಟರಿಗೆ 1 ಮಿಲಿಗ್ರಾಂ ಇರುವ ಸೀಸದ ದ್ರಾವಣ 0.1 ಮಿ.ಲೀ. ಸೇರಿಸಿ ಮತ್ತೆ ಅಳೆಯಿರಿ. ಗುಡ್ಡ ಎರಡು ಪಟ್ಟಾದರೆ ಮೂಲ ನೀರಿನಲ್ಲಿ ಲೀಟರಿಗೆ ಸುಮಾರು 0.02 ಮಿಲಿಗ್ರಾಂ, ಅಂದರೆ ಮಿತಿಯ ಎರಡರಷ್ಟು. ಆಗ ಮಕ್ಕಳಿಗೆ ಆ ನೀರು ಕೊಡುವುದು ನಿಲ್ಲಿಸಿ, ಲ್ಯಾಬಿಗೆ ಕಳಿಸಿ ಖಾತ್ರಿ ಮಾಡಿಕೊಳ್ಳಿ.

ಹೊಸ ಮಾದರಿಗೆ ಹೊಸ ಕಡ್ಡಿಯನ್ನೇ ಬಳಸಿ. ಉಳಿದ ದ್ರಾವಣ ಸಿಂಕಿಗೆ ಸುರಿಯದೆ ಬಾಟಲಿಯಲ್ಲಿ ತುಂಬಿ ಲ್ಯಾಬಿಗೆ ಕೊಡಿ. ರಾಯಚೂರು, ಯಾದಗಿರಿ ಕಡೆಯ ಆರ್ಸೆನಿಕ್‌ಗೆ ಈ ಬಿಸ್ಮತ್ ಕಡ್ಡಿ ಆಗುವುದಿಲ್ಲ, ಅದಕ್ಕೆ ಚಿನ್ನದ ಲೇಪ ಬೇಕು.