ಆಟಿಯ ಮಳೆಯೂ ಬಿಳಿ ಮುಂಡೂ

ಉಡುಪಿಯ ರಥಬೀದಿಯ ಹತ್ತಿರ 40 ವರ್ಷ ಇಸ್ತ್ರಿ ಪೆಟ್ಟಿಗೆ ಹಿಡಿದವನು ನಾನು. ಈಗ ಅಂಗಡಿ ಮಗನದ್ದು. ಆದರೂ ಮಳೆ ಶುರುವಾಗಿ ಆಟಿ, ಅಂದರೆ ತುಳುವರ ಜುಲೈ-ಆಗಸ್ಟ್ ಹೊತ್ತಿನ ತಿಂಗಳು, ಬಂದರೆ ಜನ ನನ್ನನ್ನೇ ಕೇಳುತ್ತಾರೆ: "ಅಣ್ಣಾ, ಮುಂಡಿನಲ್ಲಿ ಕಪ್ಪು ಚುಕ್ಕೆ ಬಂದಿದೆ, ಹೋಗ್ತದಾ?" ಕಷ್ಟ ಮಾರಾಯ್ರೆ. ಬೂಷ್ಟು ನೂಲಿನೊಳಗೆ ಇಳಿದರೆ ಸೋಪಿಗೆ ಬಗ್ಗುವುದಿಲ್ಲ. ಬಾರದ ಹಾಗೆ ನೋಡಿಕೊಳ್ಳಬೇಕು.

ಎಲ್ಲರೂ ಒದ್ದೆಯನ್ನು ಬೈಯುತ್ತಾರೆ. ಗಂಜಿಯನ್ನು ಯಾರೂ ಬೈಯುವುದಿಲ್ಲ. ಬೂಷ್ಟಿಗೆ ಗಂಜಿಯೇ ಊಟ ಅಲ್ವಾ? ಹಾಗಾಗಿ ಮಳೆಗಾಲದಲ್ಲಿ ಕಪಾಟಿಗೆ ಹೋಗುವ ಬಟ್ಟೆಗೆ ಗಂಜಿ ಬೇಡ. ನಾಗರ ಪಂಚಮಿಗೋ ಅಷ್ಟಮಿಗೋ ಉಡುವುದಿದ್ದರೆ ಒಂದೆರಡು ದಿನ ಮೊದಲು ಹಾಕಿದರೆ ಸಾಕು. ಅದೂ ಬೆಳ್ತಿಗೆ, ಅಂದರೆ ಬಿಳಿ ಅಕ್ಕಿಯದ್ದು. ಕುಚ್ಚಲಕ್ಕಿಯ ತೆಳಿ ಹಾಕಿ ನಾನೇ ಒಮ್ಮೆ ಕೆಟ್ಟಿದ್ದೇನೆ. ಮದುಮಗನ ಮುಂಡು ಅದು, ಮನೆಯಲ್ಲಿ ಬೆಳ್ತಿಗೆ ಮುಗಿದಿತ್ತು. ಒಣಗಿದ ಮೇಲೆ ನೋಡಿದರೆ ಚಾಯದಲ್ಲಿ ಅದ್ದಿ ತೆಗೆದ ಹಾಗಿತ್ತು! ರಾತ್ರಿಯಿಡೀ ತೊಳೆದು, ನೀಲಿ ಕೊಟ್ಟು, ಬೆಳಿಗ್ಗೆ ಇಸ್ತ್ರಿ ಮಾಡಿ ಓಡಿದೆ. ಮದುಮಗನಿಗೆ ಗೊತ್ತಾಗಲಿಲ್ಲ. ಅವನ ಅಮ್ಮನಿಗೆ ಗೊತ್ತಾಯಿತು.

ಇಸ್ತ್ರಿ ಮಾಡಿದ ಕೂಡಲೇ ಮಡಚಿ ಒಳಗಿಡುವುದೂ ತಪ್ಪು. ಬಿಸಿಯ ಜೊತೆ ಆವಿ ಕೂತಿರುತ್ತದೆ. ಅರ್ಧ ಗಂಟೆ ಹಗ್ಗದ ಮೇಲೆ ಬಿಡಿ, ಆಮೇಲೆ ಮಡಚಿ. ಬಚ್ಚಲಿನ ಹಂಡೆ ಒಲೆಯ ಮೇಲೆ ಒಣಗಿಸುವುದಿದ್ದರೆ ಚಡ್ಡಿ, ಮೈ ಒರೆಸುವ ಬೈರಾಸು ಸಾಕು. ಒಳ್ಳೆ ಬಟ್ಟೆಗೆ ಹೊಗೆ ವಾಸನೆ ಹಿಡಿದರೆ ಇನ್ನೊಮ್ಮೆ ಒಗೆಯಬೇಕು.

ಮೀನು ಸಾರು ಬಿದ್ದ ಜಾಗ ಸೋಪು ಹಾಕಿದಾಗ ಕೆಂಪಾದರೆ ಹೆದರಬೇಡಿ. ಅರಿಶಿನದ ಗುಣವೇ ಅದು. ಚೆನ್ನಾಗಿ ತೊಳೆದು ಬಿಸಿಲಿಗೆ ಹಾಕಿ, ಉಳಿದ ಹಳದಿಯನ್ನು ಬಿಸಿಲೇ ತಿನ್ನುತ್ತದೆ. ಹಲಸಿನ ಮೇಣಕ್ಕೆ ಮೊದಲು ತೆಂಗಿನೆಣ್ಣೆ, ಆಮೇಲೆ ಸೋಪು. ರಕ್ತಕ್ಕೆ ತಣ್ಣೀರು ಮಾತ್ರ, ಬಿಸಿನೀರು ಹಾಕಿದರೆ ಕಲೆ ಅಲ್ಲೇ ಕೂರುತ್ತದೆ.

ಬಾಳೆಯ ಸೊನೆಯ ಕರೆ, ಗೇರುಹಣ್ಣಿನ ರಸದ ಕಲೆ ಮಾತ್ರ ನನ್ನ ಹತ್ತಿರ ತರಬೇಡಿ. ತೋಟಕ್ಕೆ ಹೋಗುವಾಗ ಹಳೇ ಬಟ್ಟೆ ಉಟ್ಟುಕೊಳ್ಳಿ. ಹಿಂದೆ ನಾವು ಯಾರ ಬಟ್ಟೆ ಯಾವುದೆಂದು ಗುರುತು ಹಾಕುತ್ತಿದ್ದದ್ದು ಕಾಡುಗೇರಿನ ರಸದಲ್ಲಿ, ಮೇಲೆ ಒಂಚೂರು ಸುಣ್ಣ ತಾಗಿಸಿ. ಕೈಗೆ ತಾಗಿದರೆ ಬೊಕ್ಕೆ ಏಳುತ್ತಿತ್ತು. ಬಟ್ಟೆ ಹರಿದು ನೆಲ ಒರೆಸುವ ಚಿಂದಿಯಾದರೂ ಮೂಲೆಯ ಆ ಕಪ್ಪು ಗುರುತು ಹಾಗೇ ಇರುತ್ತಿತ್ತು.